ಗೋಲ್ಡ್ ಫಾಯಿಲ್ ನೋಟು: ಕೊಳ್ಳುವ ಮೊದಲು, ಕೊಂಡ ಮೇಲೆ – ಉತ್ತರ ಕನ್ನಡದ ಸಂಗ್ರಾಹಕರಿಗೆ ಸಮಗ್ರ ಮಾರ್ಗದರ್ಶಿ

ಶಿರಸಿ ಜಾತ್ರೆ ಪೇಟೆ ಇರಲಿ, ಕಾರವಾರದ ಗಿಫ್ಟ್ ಅಂಗಡಿ ಇರಲಿ, ಫೋನಿನಲ್ಲಿ ಬರುವ ಜಾಹೀರಾತು ಇರಲಿ, ಗೋಲ್ಡ್ ಫಾಯಿಲ್ ನೋಟು ಈಗ ಎಲ್ಲಾ ಕಡೆ ಸಿಗುತ್ತದೆ. 2000 ರೂಪಾಯಿಯದ್ದು, ನೂರು ಡಾಲರಿನದ್ದು, ಜಿಂಬಾಬ್ವೆಯ ನೂರು ಟ್ರಿಲಿಯನ್ನಿನದ್ದು, ಲಕ್ಷ್ಮಿ ಚಿತ್ರ ಇರುವುದು, ಹೀಗೆ ನೂರೆಂಟು ಬಗೆ. ಭಟ್ಕಳ, ಹೊನ್ನಾವರ ಕಡೆ ಗಲ್ಫಿನಿಂದ ರಜೆಗೆ ಬಂದವರು ನೆಂಟರಿಗೆ ಕೊಡಲು ಒಂದೆರಡು ತಂದಿರುತ್ತಾರೆ. ನೋಡಲು ಚೆಂದ, ಕೈಗೆ ಹಗುರ, ಬೆಲೆಯೂ ಹೊರೆಯಲ್ಲ. ನೋಟು ಸಂಗ್ರಹಕ್ಕೆ ಹೊಸದಾಗಿ ಬರುವ ಹುಡುಗರು ಜಾಸ್ತಿ ಶುರು ಮಾಡುವುದೇ ಇದರಿಂದ. ನನಗೆ ಅದು ಖುಷಿಯ ವಿಷಯ.

ಆದರೆ ಇದೇ ವಸ್ತುವಿನ ಸುತ್ತ ಗೊಂದಲವೂ ಬಹಳ ಇದೆ. ಕೆಲವರು ಇದನ್ನು ಚಿನ್ನ ಅಂದುಕೊಂಡು ಕೊಳ್ಳುತ್ತಾರೆ. ಕೆಲವರು ಸರ್ಕಾರ ಹೊರತಂದ ನೋಟು ಅಂದುಕೊಳ್ಳುತ್ತಾರೆ. ಎರಡೂ ಅಲ್ಲದ ಮೂರನೆಯ ವಸ್ತುವಾಗಿ, ಒಂದು ಸುಂದರ ಚಿತ್ರವಾಗಿ ನೋಡಿದರೆ ಮಾತ್ರ ಇದರ ಸಂಗ್ರಹ ಸಂತೋಷ ಕೊಡುತ್ತದೆ. ಹಾಗೆ ನೋಡಲು ಏನೇನು ತಿಳಿದಿರಬೇಕು, ಅಂಗಡಿಯಲ್ಲಿ ಏನು ಕೇಳಬೇಕು, ನಮ್ಮ ಕಡೆಯ ಮಳೆಗಾಲದಲ್ಲಿ ಹೇಗೆ ಕಾಪಾಡಬೇಕು ಎಂಬುದನ್ನೆಲ್ಲ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಹಂತ 1: ಕೈಯಲ್ಲಿರುವುದು ಏನು ಎಂದು ಗುರುತಿಸಿ

ಗೋಲ್ಡ್ ಫಾಯಿಲ್ ನೋಟಿನ ಒಡಲು ಕಾಗದವಲ್ಲ, ತೆಳು ಪ್ಲಾಸ್ಟಿಕ್. ಹೆಚ್ಚಿನವು ಪಾಲಿಯೆಸ್ಟರ್ ಅಥವಾ ಪಿವಿಸಿ ಹಾಳೆಗಳು. ಅದರ ಮೇಲೆ ಲೋಹದ ಪದರ, ಅದರ ಮೇಲೆ ಉಬ್ಬು ಅಚ್ಚು, ಕೆಲವಕ್ಕೆ ಬಣ್ಣದ ಮುದ್ರಣ. ಎಲ್ಲ ವ್ಯತ್ಯಾಸ ಇರುವುದು ಆ ಲೋಹದ ಪದರದಲ್ಲಿ.

ಅಗ್ಗದ ನೋಟುಗಳಲ್ಲಿ ಆ ಪದರ ಅಲ್ಯೂಮಿನಿಯಂ. ಗಾಳಿ ತೆಗೆದ ಕೋಣೆಯಲ್ಲಿ ಅಲ್ಯೂಮಿನಿಯಮ್ಮನ್ನು ಆವಿ ಮಾಡಿ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರಿಸುತ್ತಾರೆ. ಚಿಪ್ಸ್ ಪ್ಯಾಕೆಟ್ಟಿನ ಒಳಗೆ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದನ್ನು ಮಾಡುವುದೂ ಇದೇ ವಿಧಾನದಲ್ಲಿ. ಅದರ ಮೇಲೆ ಹಳದಿ ಬಣ್ಣದ ಲ್ಯಾಕರ್, ಅಂದರೆ ಪಾರದರ್ಶಕ ಮೆರುಗು, ಬಳಿದರೆ ಚಿನ್ನದ ಬಣ್ಣ ಬರುತ್ತದೆ. ಇದರಲ್ಲಿ ಚಿನ್ನ ಒಂದು ಚೂರೂ ಇಲ್ಲ.

ಎರಡನೆಯ ಬಗೆಯಲ್ಲಿ ನಿಜವಾಗಿಯೂ ಚಿನ್ನ ಇರುತ್ತದೆ, ಆದರೆ ತೀರಾ ತೆಳುವಾಗಿ. ಮೂರನೆಯದು ಚಿನ್ನದ ತೂಕವನ್ನು ತಯಾರಕರೇ ಬರೆದು ಕೊಡುವ ಬಗೆ. ಅಮೆರಿಕದ ಯೂಟಾದಲ್ಲಿ 2019ರಲ್ಲಿ ಶುರುವಾದ ಗೋಲ್ಡ್‌ಬ್ಯಾಕ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಗೋಲ್ಡ್‌ಬ್ಯಾಕ್ ಹಾಳೆಯಲ್ಲಿ ಒಂದು ಟ್ರಾಯ್ ಔನ್ಸಿನ ಸಾವಿರದ ಒಂದು ಭಾಗ, ಅಂದರೆ ಸುಮಾರು 31 ಮಿಲಿಗ್ರಾಂ ಚಿನ್ನ. ಬೆಳ್ಳಿಯಲ್ಲೂ ಇಂಥದ್ದಿದೆ. ನ್ಯೂಜಿಲೆಂಡ್ ಮಿಂಟ್, ನಿಯುವೆ ದ್ವೀಪದ ಹೆಸರಿನಲ್ಲಿ 5 ಗ್ರಾಂ ಬೆಳ್ಳಿಯ ನೋಟುಗಳನ್ನು ಹೊರತಂದಿದೆ. ಅವುಗಳ ಮೇಲೆ ತೂಕ ಇದೆ, ತಯಾರಕರ ಹೆಸರಿದೆ, ಹೊರತಂದ ದೇಶದ ಹೆಸರಿದೆ.

ಭಾರತದ ಮಟ್ಟಿಗೆ ಒಂದು ಮಾತು ಸ್ಪಷ್ಟವಾಗಿರಲಿ. ರಿಸರ್ವ್ ಬ್ಯಾಂಕ್ ಚಿನ್ನದ ಹಾಳೆಯ ನೋಟು ಹೊರತಂದಿಲ್ಲ. ನಮ್ಮಲ್ಲಿ ಸ್ಮರಣೆಗೆಂದು ಬಂದ ನೋಟು ಬೇಕೆಂದರೆ 1969ರ ಗಾಂಧಿ ಶತಮಾನೋತ್ಸವದ ಸರಣಿ ನೋಡಿ. 2, 5, 10 ಮತ್ತು 100 ರೂಪಾಯಿಯ ನೋಟುಗಳಲ್ಲಿ ಕುಳಿತ ಗಾಂಧಿ, ಹಿಂದೆ ಸೇವಾಗ್ರಾಮದ ಆಶ್ರಮ. ಅದು ಅಪ್ಪಟ ಸರ್ಕಾರಿ ನೋಟು. ಇನ್ನು ಸರ್ಕಾರದ ಸ್ಮರಣಾರ್ಥ ನಾಣ್ಯಗಳು ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದ ಟಂಕಸಾಲೆಗಳಿಂದ ಬರುತ್ತವೆ. "ಆರ್‌ಬಿಐ ಬಿಡುಗಡೆ ಮಾಡಿದ ಲಿಮಿಟೆಡ್ ಎಡಿಷನ್ ಗೋಲ್ಡ್ ನೋಟು" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ ಹೊರಡಿ.

ಹಂತ 2: ಕ್ಯಾರೆಟ್ ಬಿಡಿ, ತೂಕ ಕೇಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ.

ಫಾಯಿಲ್ ನೋಟಿನ ಜೊತೆ ಬರುವ ಸರ್ಟಿಫಿಕೇಟಿನಲ್ಲಿ "24 ಕ್ಯಾರೆಟ್, 99.9% ಶುದ್ಧ" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ಸುಳ್ಳೇ ಇರಬೇಕು ಅಂತೇನೂ ಇಲ್ಲ. ಒಂದು ಕಣ ಚಿನ್ನ ಇದ್ದರೂ ಆ ಕಣ 99.9% ಶುದ್ಧವಾಗಿರಬಹುದು. ಶುದ್ಧತೆ ಬೇರೆ, ತೂಕ ಬೇರೆ. ಬಳೆ ಕೊಳ್ಳುವಾಗ ನಾವು ಶೇಟ್ರ ಹತ್ತಿರ ಮೊದಲು ಕೇಳುವುದೇ ಎಷ್ಟು ಗ್ರಾಂ ಎಂದು. ನೋಟಿನ ಅಂಗಡಿಯಲ್ಲಿ ಮಾತ್ರ ಯಾಕೋ ಆ ಪ್ರಶ್ನೆ ಬಾಯಿಗೇ ಬರುವುದಿಲ್ಲ. ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಇದು: "ನೋಟಿಗೆ ತೂಕ ಎಂತಕ್ಕೆ ಮಾರಾಯ್ರೆ? ಪ್ಯೂರ್ 24 ಕ್ಯಾರೆಟ್, ಸರ್ಟಿಫಿಕೇಟ್ ಇದೆ ನೋಡಿ."

ತೂಕವನ್ನು ನೀವೇ ಅಂದಾಜು ಮಾಡಬಹುದು. 2000 ರೂಪಾಯಿ ನೋಟಿನ ಅಳತೆ 166 ಮಿಲಿಮೀಟರ್ ಉದ್ದ, 66 ಮಿಲಿಮೀಟರ್ ಅಗಲ. ಅಂದರೆ ಹತ್ತಿರ ಹತ್ತಿರ 110 ಚದರ ಸೆಂಟಿಮೀಟರ್. ಚಿನ್ನದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ. ವಿಗ್ರಹಕ್ಕೆ, ಚಿತ್ರಕ್ಕೆ ಅಂಟಿಸುವ ಚಿನ್ನದ ರೇಕಿನ ದಪ್ಪ ಸುಮಾರು 0.1 ಮೈಕ್ರಾನ್, ಅಂದರೆ 100 ನ್ಯಾನೋಮೀಟರ್. ನಿಮ್ಮ ನೋಟಿನ ಒಂದು ಬದಿಗೆ ಅಷ್ಟೇ ದಪ್ಪದ ಚಿನ್ನ ಕೂರಿಸಿದ್ದಾರೆ ಎಂದೇ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸಿಗುವುದು ಸುಮಾರು 21 ಮಿಲಿಗ್ರಾಂ. ಲೆಕ್ಕ ಸುಲಭವಾಗಲಿ ಎಂದು ಚಿನ್ನದ ದರವನ್ನು ಗ್ರಾಂಗೆ 10,000 ರೂಪಾಯಿ ಎಂದು ಹಿಡಿದರೆ, ನೋಟಿನಲ್ಲಿರುವ ಚಿನ್ನದ ಬೆಲೆ 210 ರೂಪಾಯಿ ಆಸುಪಾಸು. ಪದರ 10 ನ್ಯಾನೋಮೀಟರ್ ಮಾತ್ರ ಇದ್ದರೆ ಚಿನ್ನ 2 ಮಿಲಿಗ್ರಾಂ, ಬೆಲೆ 21 ರೂಪಾಯಿ. ಕೊಳ್ಳುವ ದಿನದ ದರ ಹಾಕಿ ನೀವೂ ನೋಡಿ.

ಬೇರೆ ಅಳತೆಯ ನೋಟಿಗೆ ಸೂತ್ರ ಹೀಗಿದೆ. ಉದ್ದ ಮತ್ತು ಅಗಲವನ್ನು ಸೆಂಟಿಮೀಟರಿನಲ್ಲಿ ಗುಣಿಸಿ. ಬಂದದ್ದನ್ನು ಪದರದ ದಪ್ಪದಿಂದ, ಅದು ನ್ಯಾನೋಮೀಟರಿನಲ್ಲಿರಲಿ, ಗುಣಿಸಿ. ಕೊನೆಗೆ 0.00193ರಿಂದ ಗುಣಿಸಿ. ಉತ್ತರ ಮಿಲಿಗ್ರಾಂನಲ್ಲಿ ಬರುತ್ತದೆ.

ಇದೇ ಲೆಕ್ಕ ತಿರುಗಿಸಿದರೆ ಇನ್ನೊಂದು ಉಪಯೋಗ ಇದೆ. "ಇದರಲ್ಲಿ ಒಂದು ಗ್ರಾಂ ಚಿನ್ನ ಇದೆ" ಎಂದು ಯಾರಾದರೂ ಹೇಳಿದರೆ, ಆ ಅಳತೆಯ ನೋಟಿನಲ್ಲಿ ಪದರ ಸುಮಾರು 4.7 ಮೈಕ್ರಾನ್ ಇರಬೇಕಾಗುತ್ತದೆ, ಚಿನ್ನದ ರೇಕಿನ ಸುಮಾರು 47 ಪಟ್ಟು. ಮಾಡಲು ಆಗದ್ದೇನೂ ಅಲ್ಲ. ಆದರೆ ಆಗ ನೋಟಿನ ಬೆಲೆ ಒಂದು ಗ್ರಾಂ ಚಿನ್ನದ ದರಕ್ಕಿಂತ ಕೆಳಗೆ ಇರಲು ಸಾಧ್ಯವೇ? ಐನೂರು ರೂಪಾಯಿಗೆ ಒಂದು ಗ್ರಾಂ ಚಿನ್ನ ಯಾರೂ ಕೊಡುವುದಿಲ್ಲ.

ನಮ್ಮದೇ ನೆಲದ ಹಳೆಯ ಚಿನ್ನದ ಹಣ ನೆನಪು ಮಾಡಿಕೊಳ್ಳಿ. ಕದಂಬರ ಪದ್ಮಟಂಕ, ಘಟ್ಟದ ಮೇಲೆ ಇಕ್ಕೇರಿಯ ವರಹ. ವರಹವೊಂದರ ತೂಕ ಸುಮಾರು 3.4 ಗ್ರಾಂ. ಅದರ ಬೆಲೆ ಅದರ ತೂಕದಲ್ಲೇ ಇತ್ತು. ಫಾಯಿಲ್ ನೋಟಿನ ಬೆಲೆ ಇರುವುದು ಅದರ ಅಚ್ಚಿನ ಚೆಂದದಲ್ಲಿ. ಹಾಗಾಗಿ ಅಚ್ಚಿಗೆ ಎಷ್ಟು ಕೊಡಬಹುದು ಎಂದು ಯೋಚಿಸಿ ದುಡ್ಡು ಕೊಡಿ.

ಹಂತ 3: ಯಾವುದನ್ನು ಸಂಗ್ರಹಿಸಬೇಕು ಎಂದು ತೀರ್ಮಾನಿಸಿ

ಕಂಡದ್ದೆಲ್ಲ ಕೊಂಡರೆ ಆಲ್ಬಂ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಂದು ಎಳೆ ಹಿಡಿಯಿರಿ. ನನಗೆ ಇಷ್ಟವಾದ ರೀತಿ ಜೋಡಿ ಸಂಗ್ರಹ: ಒಂದು ಪುಟದಲ್ಲಿ ನಿಜವಾದ ನೋಟು, ಎದುರು ಪುಟದಲ್ಲಿ ಅದರ ಫಾಯಿಲ್ ರೂಪ. 50 ರೂಪಾಯಿ ನೋಟಿನ ಹಿಂಬದಿಯ ಹಂಪಿ ಕಲ್ಲಿನ ರಥವನ್ನು ಹತ್ತಿಯ ಕಾಗದದ ಮೇಲೆ ನೋಡಿ, ಆಮೇಲೆ ಹೊಳೆಯುವ ಉಬ್ಬಚ್ಚಿನಲ್ಲಿ ನೋಡಿದರೆ ಎರಡರ ಕೆಲಸವೂ ಅರ್ಥವಾಗುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

2000 ರೂಪಾಯಿಯ ಫಾಯಿಲ್ ನೋಟಿಗೆ ಈಗ ಬೇಡಿಕೆ ಜಾಸ್ತಿ. 2023ರ ಮೇ 19ರಂದು ಆ ನೋಟನ್ನು ಚಲಾವಣೆಯಿಂದ ಹಿಂದೆ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ನೆನಪಿಗೆಂದು ಇಟ್ಟುಕೊಳ್ಳುವವರು ಹೆಚ್ಚಾದರು. ಹಿಂಬದಿಯಲ್ಲಿ ಮಂಗಳಯಾನ ಇರುವುದೂ ಒಂದು ಕಾರಣ.

ಜಿಂಬಾಬ್ವೆ ನೋಟು ಇಷ್ಟಪಡುವವರು ಸೊನ್ನೆ ಎಣಿಸುವುದನ್ನು ಕಲಿಯಲೇಬೇಕು. ಆ ದೇಶ 2009ರ ಜನವರಿಯಲ್ಲಿ ಹೊರತಂದ 100 ಟ್ರಿಲಿಯನ್ ಡಾಲರ್ ನೋಟೇ ಅಲ್ಲಿನ ಅತಿ ದೊಡ್ಡ ನೋಟು. ಒಂದರ ಮುಂದೆ 14 ಸೊನ್ನೆ, ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ. ಮುಂಬದಿಯಲ್ಲಿ ಒಂದರ ಮೇಲೊಂದು ನಿಂತ ಬಂಡೆಗಳ ಚಿತ್ರ. ಅದಕ್ಕಿಂತ ದೊಡ್ಡ ಮೊತ್ತ ಬರೆದ ಜಿಂಬಾಬ್ವೆ ಫಾಯಿಲ್ ನೋಟು ಕಂಡರೆ, ಅಂಥ ನೋಟು ಆ ದೇಶದಲ್ಲಿ ಇರಲೇ ಇಲ್ಲ ಎಂದು ತಿಳಿಯಿರಿ. ಕಲ್ಪನೆಯ ನೋಟು ಸಂಗ್ರಹಿಸಬಾರದೆಂದಲ್ಲ. ಆದರೆ ಆಲ್ಬಮ್ಮಿನಲ್ಲಿ ಅದನ್ನು ಬೇರೆ ಪುಟದಲ್ಲಿ ಇಡಿ.

ಇನ್ನೊಂದು ಮಾತು, ಇದನ್ನು ಕಾರವಾರ ಕಡೆಯವರಿಗಾಗಿಯೇ ಹೇಳುತ್ತಿದ್ದೇನೆ. ಗೋವಾದಲ್ಲಿ ದುಡಿದ ಅಜ್ಜಂದಿರ ಮನೆಗಳಲ್ಲಿ ಹಳೆಯ ಟ್ರಂಕುಗಳಿವೆ. 1961ರವರೆಗೆ ಅಲ್ಲಿ ಪೋರ್ಚುಗೀಸರ ಬಾಂಕೊ ನ್ಯಾಶನಲ್ ಅಲ್ಟ್ರಮರಿನೊ ಹೊರತಂದ ನೋಟುಗಳು ನಡೆಯುತ್ತಿದ್ದವು. 1950ರ ದಶಕದ ಕೊನೆಯವರೆಗೆ ರುಪಿಯಾ, ಆಮೇಲೆ ಎಸ್ಕುಡೊ. ಫಾಯಿಲ್ ನೋಟಿಗೆ ದುಡ್ಡು ಹಾಕುವ ಮೊದಲು ಆ ಟ್ರಂಕು ಒಮ್ಮೆ ತೆಗೆದು ನೋಡಿ. ಹರಿದು ಹಳದಿಯಾದ ಆ ಕಾಗದದ ಮುಂದೆ ಯಾವ ಫಾಯಿಲ್ ನೋಟೂ ನಿಲ್ಲುವುದಿಲ್ಲ.

ಹಂತ 4: ಅಂಗಡಿಯಲ್ಲಿ ನಿಂತು ಪರಿಶೀಲಿಸುವುದು

ಮೊದಲು ಪ್ಯಾಕೆಟ್ ತಿರುಗಿಸಿ ನೋಡಿ. ಪ್ಯಾಕ್ ಮಾಡಿ ಮಾರುವ ವಸ್ತುವಿನ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕು. ಹೊರದೇಶದ್ದಾದರೆ ಯಾವ ದೇಶದ್ದು ಎಂದೂ ಇರಬೇಕು. ಇದು ಕಾನೂನು ಮಾಪನ ಇಲಾಖೆಯ ನಿಯಮ. ಇವೊಂದೂ ಇಲ್ಲದ ಬರೀ ಹೊಳೆಯುವ ಕವರ್ ಇದ್ದರೆ ಅದನ್ನು ಆಟಿಕೆಯ ಬೆಲೆಗೆ ಮಾತ್ರ ಕೊಳ್ಳಿ.

ಆಮೇಲೆ ಸರ್ಟಿಫಿಕೇಟ್. ಅದರಲ್ಲಿ ಚಿನ್ನದ ತೂಕ ಮಿಲಿಗ್ರಾಂನಲ್ಲಿ ಇದೆಯೇ? ಯಾರು ಪರೀಕ್ಷಿಸಿದರು ಎಂದಿದೆಯೇ? ನಂಬರ್ ಇದ್ದರೆ ಅದು ನೋಟಿನ ಮೇಲಿನ ನಂಬರಿಗೆ ಹೊಂದುತ್ತದೆಯೇ? ಅಂಗಡಿಯಲ್ಲಿರುವ ಎರಡು ಮೂರು ಪ್ಯಾಕೆಟ್ ಪಕ್ಕ ಪಕ್ಕ ಇಟ್ಟು ನೋಡಿ. ಎಲ್ಲಾ ನೋಟಿನಲ್ಲೂ ಒಂದೇ ಸೀರಿಯಲ್ ನಂಬರ್ ಇದ್ದರೆ, ಒಂದೇ ಅಚ್ಚಿನಿಂದ ಸಾವಿರಗಟ್ಟಲೆ ಒತ್ತಿದ್ದು ಎಂದರ್ಥ. ಆಗ "ಲಿಮಿಟೆಡ್" ಎಂಬ ಮಾತಿಗೂ, 786 ನಂಬರ್ ಎಂದು ಹೆಚ್ಚು ಬೆಲೆ ಹೇಳುವುದಕ್ಕೂ ಅರ್ಥ ಇಲ್ಲ.

ಇನ್ನು ಅಚ್ಚಿನ ಗುಣಮಟ್ಟ. ಇದಕ್ಕೆ ಒಂದು ಸಣ್ಣ ಭೂತಗನ್ನಡಿ ಸಾಕು, ಕಿಸೆಯಲ್ಲಿ ಇಟ್ಟುಕೊಳ್ಳಿ. ರೂಪಾಯಿ ನೋಟಿನ ಫಾಯಿಲ್ ಆದರೆ ಹಿಂಬದಿಯ ಭಾಷಾ ಪಟ್ಟಿಯನ್ನು ನೋಡಿ. ನಿಜವಾದ ನೋಟಿನಲ್ಲಿ ಅಲ್ಲಿ 15 ಭಾಷೆಗಳಿವೆ. ಅಸ್ಸಾಮಿಯಿಂದ ಶುರುವಾಗಿ ಉರ್ದುವಿನವರೆಗೆ. ಮೇಲಿನಿಂದ ನಾಲ್ಕನೆಯದು ನಮ್ಮ ಕನ್ನಡ, ಆರನೆಯದು ಕೊಂಕಣಿ. ಅಗ್ಗದ ಫಾಯಿಲಿನಲ್ಲಿ ಮೊದಲು ಕೆಡುವುದು ಈ ಪಟ್ಟಿಯೇ. ಕನ್ನಡ ಅಕ್ಷರದ ಒತ್ತು, ಕೊಂಬು, ದೀರ್ಘ ಎಲ್ಲ ಒಂದಕ್ಕೊಂದು ಅಂಟಿ ಬರೀ ಗುಂಡು ಗುಂಡಾದ ಗೆರೆ ಉಳಿದಿರುತ್ತದೆ. ಕನ್ನಡದ ಸಾಲು ಭೂತಗನ್ನಡಿಯಲ್ಲಿ ಸರಾಗವಾಗಿ ಓದಲು ಬಂದರೆ ಆ ಅಚ್ಚು ಮಾಡಿದವರು ಕಾಳಜಿಯಿಂದ ಮಾಡಿದ್ದಾರೆ ಎಂದರ್ಥ. ಕನ್ನಡ ಓದಲು ಬರುವ ನಮಗೆ ಸಿಕ್ಕಿರುವ ಅನುಕೂಲ ಇದು, ಬಳಸಿಕೊಳ್ಳೋಣ. ಮುಖದ ಚಿತ್ರದಲ್ಲಿ ಕನ್ನಡಕದ ಗೆರೆ, ಕಣ್ಣಿನ ಅಂಚು ಕೂಡ ಹೀಗೆಯೇ ನೋಡಬೇಕು.

ಮೇಲ್ಮೈಯನ್ನು ಓರೆಯಾಗಿ ಹಿಡಿದು ಬೆಳಕಿಗೆ ತಿರುಗಿಸಿ. ಗೀರು, ಗುಳ್ಳೆ, ಮಡಿಕೆ ಇದ್ದರೆ ಆಗಲೇ ಕಾಣುತ್ತದೆ. ಫಾಯಿಲಿನ ಮೇಲೆ ಬಿದ್ದ ಮಡಿಕೆ ಯಾವತ್ತೂ ಹೋಗುವುದಿಲ್ಲ. ಅಂಚು ನೇರವಾಗಿ ಕತ್ತರಿಸಿದೆಯೇ, ಎರಡೂ ಬದಿಯ ಚಿತ್ರ ಒಂದಕ್ಕೊಂದು ಸರಿಯಾಗಿ ಕೂತಿದೆಯೇ ಎಂದೂ ನೋಡಿ.

ಬಿಲ್ ಕೇಳಿ. ಕೊಟ್ಟ ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಸಂಖ್ಯೆ, ಅಂದರೆ ತೆರಿಗೆಗಾಗಿ ಸರಕಿನ ಬಗೆ ಹೇಳುವ ಸಂಖ್ಯೆ, ಇದ್ದರೆ ಅದೇ ಒಂದು ಸುಳಿವು. ಪ್ಲಾಸ್ಟಿಕ್ ವಸ್ತುಗಳ ಸಂಖ್ಯೆ 39ರಿಂದ, ಮುದ್ರಿತ ವಸ್ತುಗಳದ್ದು 49ರಿಂದ ಶುರುವಾಗುತ್ತದೆ. ಚಿನ್ನ ಬೆಳ್ಳಿಯ ವಸ್ತುಗಳು 71ರಲ್ಲಿ ಬರುತ್ತವೆ. ಬಾಯಲ್ಲಿ ಚಿನ್ನ ಎಂದು ಹೇಳಿ ಬಿಲ್ಲಿನಲ್ಲಿ 39 ಹಾಕಿದರೆ, ಬಿಲ್ಲನ್ನೇ ನಂಬಿ.

ಹಾಲ್‌ಮಾರ್ಕ್ ಬಗ್ಗೆ ಬಹಳ ಜನ ಕೇಳುತ್ತಾರೆ. ಆರು ಅಂಕಿ ಅಕ್ಷರಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಕಡ್ಡಾಯವಿರುವ ಆಭರಣ ಮಾರುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಆದರೆ 2 ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಹಾಗಾಗಿ ಫಾಯಿಲ್ ನೋಟಿನ ಮೇಲೆ ಅದು ಇಲ್ಲದಿದ್ದರೆ ಮೋಸ ಎನ್ನಲು ಬರುವುದಿಲ್ಲ. ಇದೆ ಎಂದು ಹೇಳಿದರೆ ಮಾತ್ರ ಬಿಐಎಸ್ ಕೇರ್ ಆ್ಯಪಿನಲ್ಲಿ ಸಂಖ್ಯೆ ಹಾಕಿ ನೋಡಿಬಿಡಿ.

ಹಂತ 5: ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಬೆಳಕಿನ ಪರೀಕ್ಷೆ ನನ್ನ ಮೆಚ್ಚಿನದು, ಯಾಕೆಂದರೆ ಇದರಿಂದ ನೋಟಿಗೆ ಏನೂ ಆಗುವುದಿಲ್ಲ. ಕತ್ತಲೆ ಕೋಣೆಯಲ್ಲಿ ಫೋನಿನ ಟಾರ್ಚನ್ನು ನೋಟಿನ ಹಿಂದೆ ಹಿಡಿಯಿರಿ. ಮುದ್ರಣ ಕಡಿಮೆ ಇರುವ ಖಾಲಿ ಜಾಗವನ್ನು ನೋಡಿ. ನಿಜವಾದ ಚಿನ್ನದ ತೆಳು ಪದರ ಹಳದಿ ಬೆಳಕನ್ನು ಹಿಂದಕ್ಕೆ ಕಳಿಸಿ, ಹಸಿರು ನೀಲಿ ಬೆಳಕನ್ನು ಸ್ವಲ್ಪ ಒಳಗೆ ಬಿಡುತ್ತದೆ. ಮುಂದಿನಿಂದ ಚಿನ್ನದ ಬಣ್ಣ ಇದ್ದದ್ದು ಬೆಳಕಿಗೆ ಹಿಡಿದಾಗ ಮಬ್ಬು ಹಸಿರಾಗಿ ಕಾಣುತ್ತದೆ. ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ಹಳದಿ ಲ್ಯಾಕರ್ ಬಳಿದ ಅಲ್ಯೂಮಿನಿಯಂ ಆದರೆ ಆ ಹಸಿರು ಬರುವುದಿಲ್ಲ. ಹಳದಿ ಇಲ್ಲವೇ ಬೂದು ಬೆಳಕು ಬರಬಹುದು, ಬೆಳಕೇ ಬಾರದೆಯೂ ಇರಬಹುದು. ಹಿಂಬದಿಯಲ್ಲಿ ಬಣ್ಣದ ಮುದ್ರಣ ಇದ್ದರೆ ಅದೂ ಸೇರಿ ಗೊಂದಲವಾಗುತ್ತದೆ, ಆದ್ದರಿಂದ ಇದನ್ನು ಸುಳಿವು ಎಂದು ಮಾತ್ರ ತೆಗೆದುಕೊಳ್ಳಿ.

ಒಂದೇ ಬಗೆಯ ಎರಡು ಅಗ್ಗದ ನೋಟು ಇದ್ದರೆ, ಒಂದನ್ನು ಬಲಿ ಕೊಟ್ಟು ಇನ್ನೊಂದು ಪರೀಕ್ಷೆ ಮಾಡಬಹುದು. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಮೂಲೆಯಲ್ಲಿ ಒತ್ತಿ ಉಜ್ಜಿ. ಹತ್ತಿಗೆ ಹಳದಿ ಬಂದು, ನೋಟಿನ ಮೇಲೆ ಬೆಳ್ಳಿ ಬಣ್ಣ ಉಳಿದರೆ ಅದು ಲ್ಯಾಕರ್. ಉಜ್ಜಿದ ನೋಟು ಹಾಳಾದಂತೆಯೇ ಲೆಕ್ಕ.

ಶೇಟ್ರ ಅಂಗಡಿಯಲ್ಲಿ ಶುದ್ಧತೆ ನೋಡುವ ಎಕ್ಸ್‌ಆರ್‌ಎಫ್ ಯಂತ್ರ ಇದ್ದರೆ ಚಿನ್ನ ಇದೆಯೋ ಇಲ್ಲವೋ ಎಂದು ತಿಳಿಯಬಹುದು. ಎಷ್ಟು ಇದೆ ಎಂದು ಅದು ಹೇಳುವುದು ಕಷ್ಟ, ಏಕೆಂದರೆ ಆಭರಣದ ಯಂತ್ರವನ್ನು ದಪ್ಪ ಲೋಹಕ್ಕಾಗಿ ಹೊಂದಿಸಿರುತ್ತಾರೆ. ಒರೆಗಲ್ಲಿಗೆ ಉಜ್ಜಲು, ಆಸಿಡ್ ಹಾಕಲು ಮಾತ್ರ ಬಿಡಬೇಡಿ. ಚಿನ್ನ ತೆಗೆಯುತ್ತೇನೆಂದು ಸುಡಲೂ ಹೋಗಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಸಿಗುವ ಚಿನ್ನ ಗ್ಯಾಸಿನ ಖರ್ಚಿಗೂ ಸಾಲದು.

ಹಂತ 6: ಕಾನೂನಿನ ಗೆರೆ ದಾಟಬೇಡಿ

ನೆನಪಿಗೆಂದು ಮನೆಯಲ್ಲಿಡುವುದು ಒಂದು, ಹಣವೆಂದು ಕೊಡುವುದು ಇನ್ನೊಂದು. ಫಾಯಿಲ್ ನೋಟನ್ನು ಯಾರಿಗೂ ಹಣದ ಬದಲು ಕೊಡಬೇಡಿ. ಮದುವೆ ಮನೆಯ ಮುಯ್ಯಿ ಲಕೋಟೆಯಲ್ಲಿ, ದೇವಸ್ಥಾನದ ಹುಂಡಿಯಲ್ಲಿ ಕೂಡ ಬೇಡ. ಎಣಿಸುವವರಿಗೆ ತೊಂದರೆ. ಕರೆನ್ಸಿ ನೋಟನ್ನು ಹೋಲುವ ದಾಖಲೆ ತಯಾರಿಸುವುದು, ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 182ನೇ ಸೆಕ್ಷನ್ನಿನ ಕೆಳಗೆ ಬರುತ್ತದೆ. ಅದಕ್ಕೇ ನಾನು ಹೇಳುವುದು, ರೂಪಾಯಿಯ ಫಾಯಿಲ್ ಕೊಳ್ಳುವಾಗ ಅಳತೆ ಬೇರೆ ಇರುವ, ಒಂದೇ ಬದಿ ಅಚ್ಚಿರುವ, ಅಥವಾ ನೆನಪಿನ ವಸ್ತು ಎಂದು ಅಚ್ಚಿನಲ್ಲೇ ಬರೆದಿರುವ ನೋಟಿಗೆ ಮೊದಲ ಆಯ್ಕೆ ಕೊಡಿ. ನೀವೇ ಮಾಡಿಸಿ ಮಾರುವ ಯೋಚನೆ ಇದ್ದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಜೋಡಿ ಸಂಗ್ರಹ ಮಾಡುವವರಿಗೆ ಇನ್ನೊಂದು ನಿಯಮ ಗೊತ್ತಿರಬೇಕು. 2016ರ ನವೆಂಬರ್ 8ರಂದು ರದ್ದಾದ ಹಳೆಯ 500, 1000 ರೂಪಾಯಿ ನೋಟುಗಳನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳುವಂತಿಲ್ಲ. 2017ರ ಕಾಯ್ದೆಯ ಪ್ರಕಾರ ಸಾಮಾನ್ಯರು ಎರಡೂ ಸೇರಿ 10 ನೋಟು ಇಟ್ಟುಕೊಳ್ಳಬಹುದು. ಅಧ್ಯಯನ, ಸಂಶೋಧನೆ ಅಥವಾ ನೋಟು ನಾಣ್ಯ ಸಂಗ್ರಹಕ್ಕೆ 25ರವರೆಗೆ. 2000ದ ನೋಟಿಗೆ ಈ ಮಿತಿ ಇಲ್ಲ, ಅದನ್ನು ಹಿಂದೆ ಪಡೆದರೂ ಅಮಾನ್ಯ ಮಾಡಿಲ್ಲ.

ಹಂತ 7: ನಮ್ಮ ಮಳೆಗಾಲದಲ್ಲಿ ಕಾಪಾಡುವುದು

ಬೆಂಗಳೂರಿನವರು ಬರೆದ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಆಲ್ಬಂ ಹೇಗೆ ಒಣಗಿರುತ್ತದೆ? ಕಾರವಾರದಿಂದ ಭಟ್ಕಳದವರೆಗಿನ ಪಟ್ಟಿಯಲ್ಲಿ ತೇವದ ಜೊತೆ ಉಪ್ಪುಗಾಳಿಯೂ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಉಪ್ಪಿಲ್ಲ, ಆದರೆ ಬೂಷ್ಟು ಬಿಡುವುದಿಲ್ಲ.

ಚಿನ್ನಕ್ಕೆ ಉಪ್ಪುಗಾಳಿ ಏನೂ ಮಾಡುವುದಿಲ್ಲ. ಅಲ್ಯೂಮಿನಿಯಂ ಪದರಕ್ಕೆ ಮಾತ್ರ ಅದು ಶತ್ರು. ಕತ್ತರಿಸಿದ ಅಂಚಿನಲ್ಲಿ ಲ್ಯಾಕರಿನ ರಕ್ಷಣೆ ಇರುವುದಿಲ್ಲ, ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಅಲ್ಯೂಮಿನಿಯಂ ನಿಧಾನವಾಗಿ ಆಕ್ಸೈಡ್ ಆಗುತ್ತಾ ಹೊಳಪು ಕಳೆದುಕೊಳ್ಳುತ್ತದೆ. ಕಪ್ಪಾಗುವ ಬದಲು ಪಾರದರ್ಶಕ ಆಗುತ್ತದೆ. ಒಂದೆರಡು ಮಳೆಗಾಲ ಕಳೆದ ನೋಟಿನ ಅಂಚಿನಲ್ಲಿ ಪ್ಲಾಸ್ಟಿಕ್ ಮಾತ್ರ ಕಾಣುವ ಕಿಂಡಿಗಳು ಶುರುವಾದರೆ, ನಿಮ್ಮ ನೋಟಿನಲ್ಲಿ ಇದ್ದದ್ದು ಚಿನ್ನವಲ್ಲ ಎಂದು ಮಳೆಯೇ ಹೇಳಿದಂತಾಯಿತು.

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಅಂಚು ಹಿಡಿದು ಮಾತ್ರ ನೋಟು ಮುಟ್ಟಿ. ಬೆವರಿನ ಉಪ್ಪು ಬೆರಳಚ್ಚಾಗಿ ಉಳಿದುಬಿಡುತ್ತದೆ. ಧೂಳು ಕೂತರೆ ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರಿನಿಂದ ಊದಿ. ಬಟ್ಟೆಯಿಂದ ಒರೆಸಿದರೆ ಕೂದಲೆಳೆಯಂಥ ಗೀರು ಬೀಳುತ್ತದೆ. ಸರ್ಫ್ ನೀರು, ಟೂತ್‌ಪೇಸ್ಟ್, ಬ್ರಾಸೋ ಯಾವುದೂ ಬೇಡ.

ಕವರಿನ ಆಯ್ಕೆ ಮುಖ್ಯ. ಪೇಟೆಯಲ್ಲಿ ಸಿಗುವ ಮೆತ್ತಗಿನ, ವಾಸನೆ ಬರುವ ಪ್ಲಾಸ್ಟಿಕ್ ಪುಟಗಳು ಪಿವಿಸಿ. ಅದರಿಂದ ವರ್ಷ ಕಳೆದಂತೆ ಎಣ್ಣೆಯಂಥ ಅಂಟು ಹೊರಬಂದು ನೋಟಿಗೆ ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಪುಟ ಎಂದು ಕೇಳಿ ತನ್ನಿ. ಒಂದು ಜೇಬಿಗೆ ಒಂದೇ ನೋಟು. ಲ್ಯಾಮಿನೇಷನ್ ಮಾಡಿಸುವುದಂತೂ ಬೇಡವೇ ಬೇಡ, ಬಿಸಿಗೆ ಅಚ್ಚಿನ ಉಬ್ಬು ಮಟ್ಟವಾಗಿಬಿಡುತ್ತದೆ.

ಆಲ್ಬಮ್ಮನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಜೊತೆಗೆ ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ್ದು ತನ್ನಿ, ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ತೇವ ಹೀರಿದ ಮೇಲೆ ಕಿತ್ತಳೆ ಹೋಗಿ ಹಸಿರಾಗುತ್ತದೆ. ಆಗ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಣ್ಣ ಮರಳುವವರೆಗೆ ಬಿಸಿ ಮಾಡಿ, ತಣಿಸಿ ಮತ್ತೆ ಹಾಕಿ. ಜೋರು ಮಳೆಯಿರುವ ಆಷಾಢದಲ್ಲಿ ಇದನ್ನು ಪದೇ ಪದೇ ಮಾಡಬೇಕಾಗುತ್ತದೆ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ.

ಗೋಡೆಗೆ ಫ್ರೇಮ್ ಹಾಕುವವರಿಗೆ ಒಂದು ಎಚ್ಚರಿಕೆ. ಚಿರೇಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಅದರಲ್ಲೂ ಪಡುವಣದ ಗೋಡೆ. ಮನೆಯ ಒಳಗೋಡೆ ಆರಿಸಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಸಣ್ಣ ರಬ್ಬರ್ ಗುಂಡಿ ಅಂಟಿಸಿದರೆ ಗಾಳಿಯಾಡಲು ಜಾಗ ಸಿಗುತ್ತದೆ. ನೋಟು ಗಾಜಿಗೆ ತಾಗದಂತೆ ಸುತ್ತ ದಪ್ಪ ಕಾರ್ಡಿನ ಅಂಚು ಕೊಡಿಸಿ. ಬಿಸಿಲು ನೇರ ಬೀಳುವ ಕಡೆ ಬೇಡ. ಚಿನ್ನದ ಬಣ್ಣ ಮಾಸದಿದ್ದರೂ ಅದರ ಮೇಲಿನ ಮುದ್ರಣ ಮಾಸುತ್ತದೆ.

ಹಂತ 8: ದಾಖಲೆ, ಮಾರಾಟ, ದೂರು

ಒಂದು ಪುಸ್ತಕ ಇಡಿ. ಯಾವ ನೋಟು, ಎಲ್ಲಿ ಯಾವಾಗ ಕೊಂಡದ್ದು, ಎಷ್ಟು ಕೊಟ್ಟದ್ದು, ತಯಾರಕರು ಯಾರು, ತೂಕ ಬರೆದಿದ್ದಾರೆಯೇ, ಬೆಳಕಿನ ಪರೀಕ್ಷೆಯಲ್ಲಿ ಏನು ಕಂಡಿತು. ಬಿಲ್ಲನ್ನು ಅದೇ ಪುಟಕ್ಕೆ ಕ್ಲಿಪ್ ಹಾಕಿ. ಮುಂದೆ ಮನೆಯವರು ಆಲ್ಬಂ ತೆಗೆದಾಗ ಇದು ಚಿನ್ನ ಎಂದು ಪಾಲು ಪಟ್ಟಿಗೆ ಸೇರಿಸಬಾರದು, ಆಟಿಕೆ ಎಂದು ಎಸೆಯಲೂಬಾರದು. ಪುಸ್ತಕ ಇದ್ದರೆ ಎರಡೂ ಆಗುವುದಿಲ್ಲ.

ಮಾರುವಾಗ ಲಾಭ ನಿರೀಕ್ಷಿಸಬೇಡಿ. ತೂಕ ಬರೆದ, ತಯಾರಕರ ಹೆಸರಿರುವ ನೋಟಿಗೆ ಕೊಳ್ಳುವವರು ಸಿಗುತ್ತಾರೆ. ಉಳಿದದ್ದನ್ನು ಸಂಗ್ರಾಹಕರ ಜೊತೆ ಅದಲು ಬದಲು ಮಾಡಿಕೊಳ್ಳುವುದೇ ಒಳ್ಳೆಯದು. ಫೋಟೋ ಹಾಕುವಾಗ ಕಪ್ಪು ಬಟ್ಟೆಯ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ಸ್ವಲ್ಪ ಓರೆಯಾಗಿ ತೆಗೆಯಿರಿ. ನೇರ ತೆಗೆದರೆ ನಿಮ್ಮ ಫೋನೇ ನೋಟಿನಲ್ಲಿ ಕಾಣುತ್ತದೆ. "ಗೋಲ್ಡ್ ನೋಟು" ಎಂದಷ್ಟೇ ಬರೆಯದೆ "ಗೋಲ್ಡ್ ಫಾಯಿಲ್, ಚಿನ್ನದ ತೂಕ ತಿಳಿದಿಲ್ಲ" ಎಂದು ಪೂರ್ತಿ ಬರೆಯಿರಿ.

ನಿಮ್ಮ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಷನ್ ಶುಲ್ಕ ಕಟ್ಟಿ ಎನ್ನುವ ಕರೆ ಬಂದರೆ ಅದು ಮೋಸ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ತೋರಿಸಿ ಹಳೆ ನೋಟು ನಾಣ್ಯದ ವ್ಯವಹಾರಕ್ಕೆ ಕಮಿಷನ್, ತೆರಿಗೆ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ತಾನು ಅಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ಹೇಳಿದೆ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಚಿನ್ನ ಇದೆ ಎಂದು ಮಾರಿ, ಪರೀಕ್ಷೆಯಲ್ಲಿ ಇಲ್ಲ ಎಂದು ಗೊತ್ತಾದರೆ ಮೊದಲು ಅಂಗಡಿಯವರಿಗೆ ಬರಹದಲ್ಲಿ ತಿಳಿಸಿ, ವಾಟ್ಸಾಪ್ ಸಂದೇಶವೂ ಆಗಬಹುದು. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ನಮ್ಮ ಜಿಲ್ಲೆಯದ್ದು ಕಾರವಾರದಲ್ಲಿದೆ. 2019ರ ಕಾಯ್ದೆ ಬಂದ ಮೇಲೆ ಮಾರಿದವರು ದೆಹಲಿಯಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಬಿಲ್, ಪ್ಯಾಕೆಟ್, ಸರ್ಟಿಫಿಕೇಟ್, ಜಾಹೀರಾತಿನ ಸ್ಕ್ರೀನ್‌ಶಾಟ್ ಇವಿಷ್ಟು ಜೊತೆಗಿರಲಿ. ಆನ್‌ಲೈನ್ ಜಾಹೀರಾತು ಯಾವಾಗ ಬೇಕಾದರೂ ಅಳಿಸಿಹೋಗಬಹುದು, ಆದ್ದರಿಂದ ಸ್ಕ್ರೀನ್‌ಶಾಟನ್ನು ಕೊಳ್ಳುವ ದಿನವೇ ತೆಗೆದಿಟ್ಟುಕೊಳ್ಳಿ.